ಕಚ್ಚಾ ಹೊಲಿಗೆಯ ಜೇಬು

ಟೈಲರಮ್ಮನ ಅಂಗಾಲಿನಲ್ಲಿ ಹೊಲಿಗೆ ಮಷೀನಿನ ಪೆಡಲಿನ ಅಚ್ಚು ಇತ್ತು. ಕಬ್ಬಿಣದ ಆ ಜಾಲರಿ ಎರಡೂ ಪಾದಗಳಲ್ಲಿ ಚೌಕ ಚೌಕವಾಗಿ ಕೂತು, ನಲವತ್ತು ವರ್ಷದಲ್ಲಿ ಕಪ್ಪಗೆ ಗಟ್ಟಿಯಾಗಿತ್ತು. ಕಾಲು ಚಾಚಿ ಕೂತರೆ ಕಾಣುತ್ತಿತ್ತು, ಆದರೆ ಅವರು ಕಾಲು ಚಾಚಿ ಕೂರುವವರೇ ಅಲ್ಲ. ಮಷೀನಿನ ಮುಂದಿರಲಿ, ಮದುವೆ ಮಂಟಪದ ಊಟದ ಸಾಲಿನಲ್ಲಿರಲಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲಿರಲಿ, ಹಿಮ್ಮಡಿ ಕೆಳಗೆ ಬೆರಳು ಮೇಲೆ, ಬೆರಳು ಕೆಳಗೆ ಹಿಮ್ಮಡಿ ಮೇಲೆ. ಎಲೆಗೆ ಪಾಯಸ ಬಡಿಸುತ್ತಿದ್ದರೂ ಮೇಜಿನ ಕೆಳಗೆ ಅವರ ಪಾದ ತನ್ನ ಪಾಡಿಗೆ ತಾನು ತುಳಿಯುತ್ತಿತ್ತು.

ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. "ಪಾಪ, ದುಡಿದ ಕಾಲು, ಸುಮ್ನಿರು ಅಂದ್ರೆ ಇರುತ್ತಾ?" ಅನ್ನುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲೇ. ಅವರ ಕಾಲಿಗೆ ಸಿಕ್ಕ ಆ 'ಪಾಪ' ನನ್ನ ಕೈಗೆ ಒಂದು ದಿನವೂ ಸಿಕ್ಕಲಿಲ್ಲ.

ನನ್ನ ಕೈಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೀಗ ಮೂವತ್ತೈದು. ಟ್ಯೂಬ್‌ಲೈಟು ಗುಂಯ್‌ಗುಡುವುದು, ನಾಲ್ಕು ಜನ ಒಟ್ಟಿಗೆ ಮಾತಾಡುವುದು, ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ, ಇವೆಲ್ಲ ಒಂದೇ ಸಲ ಮೈಮೇಲೆ ಬಿದ್ದರೆ ನನ್ನ ಕೈಗಳು ಎದೆಯ ಹತ್ತಿರಕ್ಕೆ ಏರಿ, ನೀರು ಕೊಡವಿದ ಹಾಗೆ ಕೊಡವತೊಡಗುತ್ತವೆ. ಬೆರಳುಗಳು ಮಡಚಿ ಬಿಚ್ಚುತ್ತವೆ. ತುಂಬ ಖುಷಿಯಾದರೂ ಹಾಗೇ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಒಬ್ಬ ಡಾಕ್ಟರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿದರು. ಕೈ ಆಡಿಸುವುದು ರೋಗವಲ್ಲ, ತಲೆಯೊಳಗಿನ ಗದ್ದಲ ಇಳಿಸಿಕೊಳ್ಳುವ ದಾರಿ, ತಡೆಯಬೇಡಿ ಎಂದರು. ಅಮ್ಮ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿಸಿಕೊಂಡು, ಹೊರಗೆ ಮೆಟ್ಟಿಲಿಳಿಯುವಾಗ, "ಮನೇಲಿ ಎಷ್ಟಾದ್ರೂ ಆಡಿಸ್ಕೋ, ಬೀದೀಲಿ ಮಾತ್ರ ಬೇಡ ಮಾರಾಯ್ತಿ" ಅಂದಳು.

ಆದರೆ ನಾನು ಇರುವುದೇ ಬೀದಿಯಲ್ಲಿ. ಭದ್ರಾವತಿ ಓಲ್ಡ್ ಟೌನಿನ ಮನೆಯಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಶಿವಮೊಗ್ಗ, ಅಲ್ಲಿಂದ ದುರ್ಗಿಗುಡಿಯ ರಕ್ತಪರೀಕ್ಷೆಯ ಲ್ಯಾಬು, ಸಂಜೆ ಅದೇ ದಾರಿ ವಾಪಸ್ಸು. ರಕ್ತ ತೆಗೆಯುವುದು ನನ್ನ ಕೆಲಸ. ಒಮ್ಮೆ ಬಸ್ಸಿನಲ್ಲಿ ಎದುರು ಸೀಟಿನ ಗಂಡಸೊಬ್ಬ, ನಾನು ಬೆರಳಲ್ಲಿ ಅವನಿಗೇ ಸನ್ನೆ ಮಾಡುತ್ತಿದ್ದೇನೆ ಅಂದುಕೊಂಡು ಎದ್ದು ಬಂದು ಪಕ್ಕದಲ್ಲಿ ಕೂತ. ನಾನು ಕಿರುಚಿದೆ. ಬಸ್ಸಿನವರು ಬೈದದ್ದು ನನಗೆ. "ನೀನು ಕೈ ನೆಟ್ಟಗೆ ಇಟ್ಕೊಂಡಿದ್ರೆ ಅವನ್ಯಾಕೆ ಬರ್ತಿದ್ದ?" ಅಂದಳು ಒಬ್ಬ ಹೆಂಗಸು, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ. ತ್ಯಾವರೆಕೊಪ್ಪದ ಸಫಾರಿಗೆ ಬಂದವರು ಹುಲಿ ನೋಡುವ ಹಾಗೆ ನೋಡುತ್ತಾರೆ ಜನ. ಹುಲಿಗಾದರೂ ಯಾರೂ 'ಸರಿಯಾಗಿ ನಿಂತ್ಕೋ' ಅನ್ನುವುದಿಲ್ಲ.

ಟೈಲರಮ್ಮನ ಮನೆ ನಮ್ಮ ಮನೆಯಿಂದ ಮೂರನೆಯದು. ಮುಂದಿನ ಕೋಣೆಯೇ ಅಂಗಡಿ. ಗಂಡ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ, ತಂಗಿಯೊಬ್ಬಳು ಜೊತೆಗಿದ್ದಳು. ಟೈಲರಮ್ಮ ಅಳತೆ ಎಣಿಸುತ್ತಿದ್ದದ್ದು ತಮಿಳಿನಲ್ಲಿ, ಜಗಳವಾಡುತ್ತಿದ್ದದ್ದು ಕನ್ನಡದಲ್ಲಿ. ಗುಂಡುಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಬ್ಲೌಸು ಬಿಗಿಯಾಯಿತೆಂದು ದೂರು ತಂದವರಿಗೆ, "ಬ್ಲೌಸು ಮೊನ್ನೆ ಹೆಂಗಿತ್ತೋ ಹಂಗೇ ಇದೆ ಕಣಮ್ಮ, ಯಾರು ಬದಲಾಗಿರೋದು ಅಂತ ನೀನೇ ನೋಡ್ಕೋ" ಅನ್ನುತ್ತಿದ್ದರು. ಬೀದಿಯ ಉಳಿದ ಟೈಲರುಗಳೆಲ್ಲ ಮಷೀನಿಗೆ ಕರೆಂಟಿನ ಮೋಟರು ಹಾಕಿಸಿಕೊಂಡರು. ಇವರ ತಂಗಿಯೂ ಹಟ ಹಿಡಿದು ಒಂದು ಮೋಟರು ಕೂರಿಸಿದಳು. ಎರಡೇ ದಿನಕ್ಕೆ ಟೈಲರಮ್ಮ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. "ಆಮೇಲೆ ಕಾಲು ಏನು ಮಾಡ್ಬೇಕು?" ಅಂದರಂತೆ.

ಲ್ಯಾಬಿಗೆ ಸೇರಿದ ವಾರ ಬಿಳಿ ಕೋಟು ಹೊಲಿಸಲು ಅವರ ಹತ್ತಿರ ಹೋದೆ. ಮೈಗೆ ಯಾರ ಕೈ ತಗುಲಿದರೂ ನನಗೆ ಮುಳ್ಳು ಚುಚ್ಚಿದಂತಾಗುತ್ತದೆ. ಅದನ್ನು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ, ಪ್ರಾಯಶಃ ಯಾರೂ ಹೇಳಿರಲಿಲ್ಲ. ಟೇಪನ್ನು ನನ್ನ ಕೈಗೇ ಕೊಟ್ಟು, "ಇಲ್ಲಿ ಹಿಡ್ಕೋ, ಈಗ ಇಲ್ಲಿ" ಎಂದು ದೂರದಿಂದಲೇ ಓದಿಕೊಂಡರು. ಕತ್ತಿನ ಹತ್ತಿರ ಚುಚ್ಚದ ಹಾಗೆ ಒಳಗೆ ಮೆತ್ತನೆಯ ಹಳೇ ವಾಯಿಲ್ ಸೀರೆಯ ಪಟ್ಟಿ ಕೊಟ್ಟರು. ನಾನು ನಿಂತಲ್ಲೇ ಕೈ ಆಡಿಸುತ್ತಿದ್ದುದನ್ನು ಒಂದು ಗಳಿಗೆ ನೋಡಿದರು. ಮುಖದಲ್ಲಿ ಅಯ್ಯೋ ಪಾಪವೂ ಇರಲಿಲ್ಲ, ಅಸಹ್ಯವೂ ಇರಲಿಲ್ಲ. ಬಟ್ಟೆಯ ಎಳೆ ಯಾವ ಕಡೆ ಓಡುತ್ತದೆ ಎಂದು ನೋಡುವಾಗಿನ ಮುಖ ಅದು.

ನಾಲ್ಕು ದಿನ ಬಿಟ್ಟು ಕೋಟು ತಂದು ಹಾಕಿಕೊಂಡು ಬಲಗಡೆ ಜೇಬಿಗೆ ಕೈ ಹಾಕಿದರೆ, ಒಳಗೆ ಸಾಲಾಗಿ ಆರು ಟಿಚ್ ಬಟನ್. ಒತ್ತಿದರೆ ಟಿಚ್ ಎಂದು ಕೂರುತ್ತದೆ, ಎಳೆದರೆ ಬಿಡುತ್ತದೆ. ಮತ್ತೆ ಒತ್ತಬಹುದು.

"ನಿನ್ನ ಕೈಗೊಂದು ಕೆಲ್ಸ ಕೊಟ್ಟಿದೀನಿ" ಅಂದರು. "ಕೆಲ್ಸ ಇರೋ ಕೈನ ಯಾರೂ ಕೇಳಲ್ಲ."

ಅವತ್ತು ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಐದು ವರ್ಷ ಆ ಜೇಬಿನಲ್ಲೇ ಬದುಕಿದೆ. ಬಸ್ಸಿನಲ್ಲಿ, ಲ್ಯಾಬಿನಲ್ಲಿ, ನೆಂಟರ ಮನೆಯ ನಾಮಕರಣದಲ್ಲೂ ಆ ಕೋಟು ಹಾಕಿಕೊಂಡೇ ಹೋಗಿ, ಡ್ಯೂಟಿಯಿಂದ ನೇರ ಬಂದೆ ಎಂದು ಸುಳ್ಳು ಹೇಳಿದೆ. ಜನ ಹೊಗಳಿದರು. "ಈಗ ಎಷ್ಟು ಸರಿಹೋಗಿದಾಳೆ ನೋಡು ನಿಮ್ಮ ಮಗಳು" ಎಂದು ಅಮ್ಮನಿಗೆ ಹೇಳಿದರು. ಅಮ್ಮನ ಮುಖ ಅರಳಿತು. ನನ್ನ ಹೆಬ್ಬೆರಳ ಉಗುರಿನ ಬುಡ ಬಟನ್ ಒತ್ತಿ ಒತ್ತಿ ಒಡೆದು ರಕ್ತ ಬರುತ್ತಿತ್ತು. ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಎರಡು ಗಂಟೆ ಮಾತು ಹೊರಡುತ್ತಿರಲಿಲ್ಲ. ಇಡೀ ದಿನ ಒಳಗೆ ಅದುಮಿಟ್ಟದ್ದು ಅಲ್ಲೇ ಚೆಲ್ಲುತ್ತಿತ್ತು, ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದೆ. ಇದಕ್ಕೆ ಜನ ಇಟ್ಟ ಹೆಸರು ಸರಿಹೋಗುವುದು.

ಒಂದು ವಿಷಯ ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳಬೇಕು. ಸೂಜಿ ಹಿಡಿದಾಗ ನನ್ನ ಕೈ ಅಲುಗುವುದಿಲ್ಲ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಬೆರಳ ತುದಿಯಲ್ಲಿ ನರ ಹುಡುಕುವಾಗ ಜಗತ್ತಿನ ಸದ್ದೆಲ್ಲ ನಿಲ್ಲುತ್ತದೆ. ಅದಕ್ಕೆ ಮೊದಲು ಅರ್ಧ ನಿಮಿಷ ಕೈ ಕೊಡವಿಕೊಂಡಿರಬೇಕು, ಅಷ್ಟೇ. ಹಸುಗೂಸುಗಳು, ಎಷ್ಟು ಚುಚ್ಚಿದರೂ ನರ ಸಿಗದ ಮುದುಕಿಯರು ಬಂದರೆ ಲ್ಯಾಬಿನಲ್ಲಿ ಕರೆಯುತ್ತಿದ್ದದ್ದು ನನ್ನನ್ನೇ. ನಾನು ಯಾರಿಗಾದರೂ ಬೇಕಾದವಳು ಅಂತ ನನಗೆ ಅನ್ನಿಸುತ್ತಿದ್ದ ಜಾಗ ಆ ಸ್ಟೂಲು, ಆ ಸೂಜಿ.

ಅದನ್ನೇ ಕಿತ್ತುಕೊಂಡರು. ಒಂದು ಸೋಮವಾರ, ಕೋಟು ಒಗೆಯಲು ಹೋಗಿತ್ತು. ಲ್ಯಾಬಿನದೇ ಹೆಚ್ಚುವರಿ ಕೋಟೊಂದನ್ನು ಹಾಕಿಕೊಂಡಿದ್ದೆ, ಅದಕ್ಕೆ ಜೇಬೇ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲವರೆಗೆ ನಿಂತಿದ್ದರು, ಒಂದು ಮಗು ಒಂದೇ ಸಮ ಅಳುತ್ತಿತ್ತು, ಒಳಗೆ ರಕ್ತ ತಿರುಗಿಸುವ ಯಂತ್ರ ಕಿರ್ರೆನ್ನುತ್ತಿತ್ತು. ನನ್ನ ಕೈಗಳು ಎದ್ದವು. ಇಸ್ತ್ರಿ ಮಾಡಿದ ಶರ್ಟಿನವನೊಬ್ಬ, ತಾಯಿಯನ್ನು ಕರೆತಂದಿದ್ದವನು, ಮೊಬೈಲು ತೆಗೆದು ನನ್ನ ಕೈಗಳ ವಿಡಿಯೋ ಮಾಡತೊಡಗಿದ. "ನೋಡ್ರೀ ಇಲ್ಲಿ, ಇಂಥೋರ ಹತ್ರ ನಮ್ಮಮ್ಮ ರಕ್ತ ಕೊಡ್ಬೇಕಂತೆ" ಎಂದು ಮೊಬೈಲಿಗೇ ಮಾತಾಡಿದ. ಸಾಲಿನಲ್ಲಿದ್ದವರು ಒಬ್ಬರೂ ಸಾಕು ಮಾಡು ಅನ್ನಲಿಲ್ಲ. ಇಬ್ಬರು ಮುಂದೆ ಬಗ್ಗಿ ಸರಿಯಾಗಿ ನೋಡಿದರು.

ಲ್ಯಾಬಿನ ಯಜಮಾನರು ಮಧ್ಯಾಹ್ನ ಒಳಗೆ ಕರೆದರು. "ನೋಡಮ್ಮ, ನಿನ್ನ ಕೆಲ್ಸದ ಬಗ್ಗೆ ನಂದೇನೂ ತಕರಾರಿಲ್ಲ. ನೋಡೋರ ಕಣ್ಣಿಗೆ ಒಂಥರಾ ಕಾಣುತ್ತೆ ಅಷ್ಟೆ. ನಾಳೆಯಿಂದ ಒಳಗಡೆ ಕೂತು ಟ್ಯೂಬಿಗೆ ಲೇಬಲ್ ಅಂಟಿಸು. ಒಂದು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ನೀನೇ ಬೇರೆ ಕಡೆ ನೋಡ್ಕೋ" ಅಂದರು. ಟೀ ಕುಡಿಯುತ್ತಾ ಹೇಳಿದರು.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ, ನೇರ ಟೈಲರಮ್ಮನ ಅಂಗಡಿಗೆ ಹೋದೆ. ಅವರು ಮಷೀನಿನ ಮುಂದೆ ಕೂತು ತುಳಿಯುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ ಮೊದಲ ಮಾತು, "ಕೋಟು ಯಾಕೆ ಹಾಕ್ಕೊಂಡು ಹೋಗ್ಲಿಲ್ಲ?"

ನನಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. "ಅಂದ್ರೆ ತಪ್ಪು ನಂದು ಅಂತೀರಾ?"

"ಹಂಗಲ್ಲ ಕಣೇ. ಜೇಬಲ್ಲಿ ಕೈ ಇದ್ದಿದ್ರೆ ಅವನಿಗೆ ಕಾಣ್ತಿರ್ಲಿಲ್ಲ ಅಲ್ವಾ, ಅದಕ್ಕಂದೆ."

"ನೀವೂ ಅಮ್ಮನ ಥರಾನೇ. ಮುಚ್ಚಿಡು, ಮುಚ್ಚಿಡು. ಮದುವೆ ಮನೇಲಿ ನಿಮ್ಮ ಕಾಲು ಕುಣಿಯುತ್ತಲ್ಲ, ಯಾರಾದ್ರೂ ವಿಡಿಯೋ ಮಾಡಿದಾರಾ?"

"ನಂದು ಕೆಲ್ಸದ ಕಾಲು. ಅಭ್ಯಾಸ ಆಗಿದೆ" ಅಂದರು, ತುಳಿಯುತ್ತಲೇ.

ಆಗ ನನ್ನ ಕಣ್ಣಿಗೆ ಬಿತ್ತು. ಮಷೀನಿನ ಮೇಲೆ ಬಟ್ಟೆ ಇರಲಿಲ್ಲ. ಸೂಜಿಗೆ ದಾರ ಇರಲಿಲ್ಲ. ಪೆಡಲಿನ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಸುತ್ತುವ ಚರ್ಮದ ಬೆಲ್ಟು ಬಿಚ್ಚಿ ಮೊಳೆಗೆ ನೇತುಹಾಕಿತ್ತು, ಎಷ್ಟು ತುಳಿದರೂ ಸೂಜಿ ಅಲುಗುವ ಹಾಗಿರಲಿಲ್ಲ. ಮೊದಲೂ ಎಷ್ಟೋ ಸಂಜೆ ಅದು ಹಾಗೆ ಮೊಳೆಯಲ್ಲಿದ್ದದ್ದನ್ನು ನೋಡಿದ್ದೆ, ಯೋಚಿಸಿರಲಿಲ್ಲ. ಸಿಟ್ಟಿನಲ್ಲಿದ್ದವಳು ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ.

"ಬೆಲ್ಟೇ ಇಲ್ಲ ಟೈಲರಮ್ಮ. ಏನು ಹೊಲೀತಿದೀರಾ?"

ಅವರ ಪಾದ ನಿಂತಿತು. ನನಗೆ ಬುದ್ಧಿ ಬಂದಾಗಿನಿಂದ ಆ ಪಾದ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಕೈಯಲ್ಲಿ ಏನೂ ಇಲ್ಲದೆ ಕೂತ ಅವರು ತುಂಬಾ ಸಣ್ಣವರಾಗಿ ಕಂಡರು. "ಮನೆಗೆ ಹೋಗು" ಅಂದರು. ಅಷ್ಟೇ ಅಂದರು. ನಾನು ಹೋದೆ. ಅರವತ್ತು ದಾಟಿದ ಹೆಂಗಸು ಜೀವಮಾನವಿಡೀ ಕಾಪಾಡಿಕೊಂಡಿದ್ದ ಗುಟ್ಟನ್ನು ಬೀದಿ ಬಾಗಿಲು ತೆರೆದಿರುವಾಗ ಬಯಲಿಗೆಳೆದಿದ್ದೆ. ಮೊಬೈಲಿನವನು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೆ. ಈ ಬರಹದಲ್ಲಿ ನಾನು ಬೇಕಾದಷ್ಟು ಜನರ ಮೇಲೆ ಸಿಟ್ಟಾಗಿದ್ದೇನೆ, ಆ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಳ್ಳಬೇಕು.

ಹತ್ತು ದಿನ ಅವರ ಮನೆ ಮುಂದೆ ತಲೆ ತಗ್ಗಿಸಿ ಹೋಗಿ ಬಂದೆ. ಲ್ಯಾಬಿನ ಒಳಕೋಣೆಯಲ್ಲಿ ಲೇಬಲ್ ಅಂಟಿಸಿದೆ. ಹನ್ನೊಂದನೇ ದಿನ ಬೆಳಿಗ್ಗೆ ಹೊರಗಿನ ಹಾಲಿನಿಂದ ಒಂದು ಸದ್ದು ಕೇಳಿಸಿತು. ಟೈಲ್ಸಿನ ನೆಲದ ಮೇಲೆ ಟಪ್ ಟಪ್ ಎಂದು ಚಪ್ಪಲಿ ಬಡಿಯುವ ಸದ್ದು. ಬಗ್ಗಿ ನೋಡಿದರೆ ಟೈಲರಮ್ಮ, ಇಸ್ತ್ರಿ ಸೀರೆಯುಟ್ಟು, ಮಡಿಲಲ್ಲಿ ಕೈಚೀಲವಿಟ್ಟುಕೊಂಡು ಕೂತಿದ್ದರು. ಸೂಜಿ ಹಿಡಿದೇ ಬದುಕು ಸಾಗಿಸಿದ ಈ ಹೆಂಗಸಿಗೆ ಆಸ್ಪತ್ರೆಯ ಸೂಜಿಯೆಂದರೆ ಪ್ರಾಣಭಯ. ಜ್ವರ ಬಂದರೂ ಇಂಜೆಕ್ಷನ್ನಿಗೆ ಹೆದರಿ ಕಷಾಯ ಕುಡಿದು ಮಲಗುತ್ತಿದ್ದವರು.

ಅವರ ಸರದಿ ಬಂತು. ನನ್ನ ಜಾಗಕ್ಕೆ ಬಂದಿದ್ದ ಹೊಸ ಹುಡುಗಿ ಕರೆದಳು.

"ನೀನಲ್ಲಮ್ಮ. ಒಳಗೆ ಒಬ್ಬಳು ಕೂತಿದಾಳಲ್ಲ, ಅವಳನ್ನ ಕರಿ."

ಯಜಮಾನರು ಎದ್ದು ಬಂದರು. "ಅವರಿಗೆ ಈಗ ಬೇರೆ ಕೆಲ್ಸ ಕೊಟ್ಟಿದೀವಿ ಅಮ್ಮ. ಇವರೂ ಚೆನ್ನಾಗೇ ತೆಗೀತಾರೆ."

"ಇರ್ಬೋದು. ನಾನು ಭದ್ರಾವತಿಯಿಂದ ಉಪವಾಸ ಬಂದಿರೋದು ಅವಳ ಹತ್ರ ಚುಚ್ಚಿಸ್ಕೊಳ್ಳಕ್ಕೆ. ಅವಳು ಬರೋ ತನಕ ಇಲ್ಲೇ ಕೂತಿರ್ತೀನಿ. ನಿಮಗೇನೂ ತೊಂದ್ರೆ ಇಲ್ಲ ತಾನೇ?"

ಹಿಂದಿನ ಸಾಲು ಗೊಣಗತೊಡಗಿತು. ನನ್ನನ್ನು ಕರೆದರು. ಬಂದು ಸ್ಟೂಲಿನ ಮೇಲೆ ಕೂತೆ. ಮೂವತ್ತು ಜನರ ಕಣ್ಣು ನನ್ನ ಮೇಲಿತ್ತು. ನಾನು ಕೈಗಳೆರಡನ್ನೂ ತೊಡೆಯ ಕೆಳಗೆ ಹಾಕಿ ಅದುಮಿ ಕೂತುಬಿಟ್ಟೆ. ಅವರು ಸೀರೆಯ ಸೆರಗು ಸರಿಸಿ ತೋಳು ಮುಂದೆ ಚಾಚಿದರು.

"ಮೊದ್ಲು ಕೈ ಆಡಿಸ್ಕೋ" ಅಂದರು, ಇಡೀ ಹಾಲಿಗೆ ಕೇಳಿಸುವ ಹಾಗೆ. "ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆಡಿಸ್ಕೋ. ನಾನೂ ಕಾಲು ಆಡಿಸ್ತಾ ಇರ್ತೀನಿ. ನಂಗೆ ಇಲ್ಲಿ ಯಾವ ಮಷೀನೂ ಇಲ್ಲ, ಸುಮ್ನೇ ಆಡಿಸ್ತೀನಿ."

ನಾನು ಕೈ ಹೊರಗೆ ತೆಗೆದೆ. ಹತ್ತು ದಿನ ಒಳಗೆ ಕೂಡಿಟ್ಟದ್ದೆಲ್ಲ ಆ ಕೈಗಳಲ್ಲಿತ್ತು, ಮುಖದವರೆಗೆ ಹಾರಿದವು. ಎದುರಿಗೆ ಅವರ ಚಪ್ಪಲಿ ಟಪ್ ಟಪ್ ಅನ್ನುತ್ತಿತ್ತು. ಯಾರೋ ನಕ್ಕರು. ಅವರು ತಿರುಗಿಯೂ ನೋಡಲಿಲ್ಲ. ಆಮೇಲೆ ನನ್ನ ಕೈ ತಾನಾಗಿ ನಿಂತಿತು. ಪಟ್ಟಿ ಕಟ್ಟಿದೆ, ನರ ಹುಡುಕಿದೆ, ಒಂದೇ ಸಲಕ್ಕೆ ಸೂಜಿ ಹೋಯಿತು. "ಗೊತ್ತೇ ಆಗ್ಲಿಲ್ಲ" ಅಂದರು ಟೈಲರಮ್ಮ. ಸುಳ್ಳು. ಅವರ ಕಣ್ಣಿಂದ ನೀರು ಗಲ್ಲಕ್ಕಿಳಿದಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಳು ತನ್ನ ಮಗುವನ್ನು ನನ್ನಿಂದ ದೂರ ಎಳೆದುಕೊಂಡಳು. ಯಜಮಾನರು ನನ್ನನ್ನು ಸ್ಟೂಲಿಗೆ ವಾಪಸ್ಸು ಕರೆದರು, ಆದರೆ ನರ ಸಿಗದ ಕೇಸುಗಳಿಗೆ ಮಾತ್ರ. ಬೇರೆಯವರ ಕೈಯಲ್ಲಿ ಮೂರು ಸಲ ಚುಚ್ಚಿಸಿಕೊಂಡು ನೊಂದವರು ನನ್ನ ಹತ್ತಿರ ಬರುತ್ತಾರೆ, ಆಗ ಅವರಿಗೆ ನನ್ನ ಕೈ ಹೇಗಾಡಿದರೂ ಪರವಾಗಿಲ್ಲ. ಇದನ್ನು ನ್ಯಾಯ ಅಂತ ನಾನು ಕರೆಯುವುದಿಲ್ಲ.

ಅವತ್ತು ಅವರು ನನಗೋಸ್ಕರ ಬಂದಿದ್ದರು, ಪರೀಕ್ಷೆ ಬರೀ ನೆಪ. ಕೌಂಟರಿನಲ್ಲಿ ಯಾವ ಟೆಸ್ಟು ಅಂತ ಕೇಳಿದ್ದಕ್ಕೆ, "ಏನೇನಿದೆಯೋ ಎಲ್ಲಾ ಮಾಡಿ" ಅಂದಿದ್ದರಂತೆ. ಅವರ ರಕ್ತವನ್ನು ಕಣ ಎಣಿಸುವ ಯಂತ್ರಕ್ಕೆ ಹಾಕಿದ್ದು ನಾನೇ. ಬಿಳಿ ರಕ್ತಕಣದ ಅಂಕಿ ನೋಡಿ ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಂದು ಸಲ ಹಾಕಿದೆ. ಅದೇ ಬಂತು. ರಕ್ತದ ಕ್ಯಾನ್ಸರು ಅಂತ ಡಾಕ್ಟರು ಹೇಳುವ ಮೊದಲು, ತಂಗಿಗೆ ಗೊತ್ತಾಗುವ ಮೊದಲು, ನನಗೆ ಗೊತ್ತಾಯಿತು.

ಎಂಟು ತಿಂಗಳಿದ್ದರು. ಹದಿನೈದು ದಿನಕ್ಕೊಮ್ಮೆ ಅವರ ಮನೆಗೇ ಹೋಗಿ ರಕ್ತ ತೆಗೆದೆ. ಪ್ರತಿ ಸಲವೂ ಸೂಜಿ ಕಂಡು ಹೆದರುತ್ತಿದ್ದರು, ಪ್ರತಿ ಸಲವೂ "ಮೊದ್ಲು ಆಡಿಸ್ಕೋ" ಅನ್ನುತ್ತಿದ್ದರು. ನಾನು ಬೆಲ್ಟಿನ ಮಾತಿಗೆ ಕ್ಷಮೆ ಕೇಳಿದೆ. ಅದಕ್ಕೆ ಅವರು ಹೇಳಿದರು: "ಸಣ್ಣೋಳಿದ್ದಾಗ ಕಾಲು ಆಡಿಸ್ತೀನಿ ಅಂತ ನಮ್ಮಪ್ಪ ಕಂಬಕ್ಕೆ ಕಟ್ತಿದ್ದ. ಹೊಲಿಗೆ ಕ್ಲಾಸಿಗೆ ಸೇರಿದ ದಿನ ಮಷೀನ್ ಮುಂದೆ ಕೂರಿಸಿ, ತುಳಿ ಅಂದ್ರು. ತುಳಿ ಅಂತ ನಂಗೆ ಒಬ್ಬರು ಹೇಳಿದ್ದು ಅದೇ ಮೊದ್ಲು ಕಣೇ. ಅಲ್ಲಿಂದ ಇಳೀಲೇ ಇಲ್ಲ ನಾನು." ಅವರಿಗೆ ಯಾವ ಡಾಕ್ಟರೂ ಯಾವ ಹೆಸರೂ ಹೇಳಲಿಲ್ಲ. ಆ ಅಪ್ಪನ ಮೇಲೆ ನನಗೆ ಬಂದ ಸಿಟ್ಟಿಗೆ, ಅವನು ಸತ್ತು ಎಷ್ಟೋ ವರ್ಷವಾಗಿದೆ ಅನ್ನುವುದು ಯಾವ ಲೆಕ್ಕಕ್ಕೂ ಬರಲಿಲ್ಲ.

ಕೊನೆಯ ತಿಂಗಳುಗಳಲ್ಲಿ ನನಗೊಂದು ಹೊಸ ಕೋಟು ಹೊಲಿದರು. ಅರ್ಧ ಗಂಟೆ ತುಳಿದರೆ ಅರ್ಧ ದಿನ ಮಲಗಬೇಕಾಗಿತ್ತು, ಆದರೂ ಅದನ್ನು ತಂಗಿಯ ಕೈಗೆ ಕೊಡಲಿಲ್ಲ. ಹಾಕಿಕೊಂಡು ಜೇಬಿಗೆ ಕೈ ಹಾಕಿದೆ, ಹೋಗಲಿಲ್ಲ. ಎರಡೂ ಜೇಬಿನ ಬಾಯಿ ಹೊಲಿದಿತ್ತು. ಕಚ್ಚಾ ಹೊಲಿಗೆ, ಬಟ್ಟೆ ಜೋಡಿಸಿಕೊಳ್ಳಲು ಹಾಕುವ ಉದ್ದುದ್ದ ಎಳೆ.

"ಒಳಗೆ ಬಟನ್ ಇದೆ" ಅಂದರು. "ಭಯ ಆದ ದಿನ ಒಂದು ಎಳೆ ಎಳೆದ್ರೆ ಬಿಚ್ಕೊಳ್ಳುತ್ತೆ. ಆದ್ರೆ ಬಿಚ್ಚೋಳು ನೀನಾಗಿರ್ಬೇಕು. ಯಾರೋ ನೋಡ್ತಿದಾರೆ ಅಂತ ಬಿಚ್ಬೇಡ."

ಅವರು ಹೋದ ಸುದ್ದಿ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಆ ಕೋಟಿನಲ್ಲೇ ಬಸ್ಸು ಹತ್ತಿ ಬಂದೆ. ಮುಂದಿನ ಕೋಣೆಯಲ್ಲಿ, ಮಷೀನು ಗೋಡೆಗೆ ಸರಿಸಿ, ಚಾಪೆಯ ಮೇಲೆ ಮಲಗಿಸಿದ್ದರು. ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಿಳಿ ದಾರದಿಂದ ಕಟ್ಟಿದ್ದರು. ಮಷೀನಿನ ಮೇಲಿದ್ದ ರೀಲಿನದೇ ದಾರ. ಸತ್ತವರಿಗೆ ಹಾಗೆ ಕಟ್ಟುವುದು ಶಾಸ್ತ್ರ ಎಂದು ನನಗೂ ಗೊತ್ತು. ಆದರೂ ಆ ಗಂಟು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಕಂಬಕ್ಕೆ ಕಟ್ಟಿದ್ದ ಕಾಲನ್ನು ಕಡೆಗೂ ಕಟ್ಟಿಯೇ ಕಳಿಸುತ್ತಿದ್ದರು.

ನನ್ನ ಕೈಗಳು ಎದ್ದವು. ಕೋಣೆ ತುಂಬಾ ಜನ, ಎಲ್ಲರೂ ತಿರುಗಿದರು. ಅಮ್ಮ ಹತ್ತಿರ ಬಂದು, "ಇಲ್ಲಾದ್ರೂ ಸ್ವಲ್ಪ ಸುಮ್ನಿರೇ, ಜನ ನೋಡ್ತಿದಾರೆ. ಜೇಬಲ್ಲಿಟ್ಕೋ ಕೈನ" ಎಂದು ಪಿಸುಗುಟ್ಟಿದಳು. ನನ್ನ ಬೆರಳು ಜೇಬಿನ ಬಾಯಿಯ ಎಳೆಯನ್ನು ಮುಟ್ಟಿತು. ಎಳೆದಿದ್ದರೆ ಬಿಚ್ಚಿಕೊಳ್ಳುತ್ತಿತ್ತು.

"ಜೇಬು ಹೊಲಿದುಬಿಟ್ಟಿದಾರಮ್ಮ" ಅಂದೆ. ಅವರನ್ನು ಎತ್ತುವ ತನಕ ಅವರ ಪಾದದ ಹತ್ತಿರವೇ ನಿಂತು ಕೈ ಆಡಿಸುತ್ತಿದ್ದೆ.